ಕೂಸಿಗಿಂತ ಮೊದಲು ಕುಲಾವಿ: ಕನ್ನಡ ಮನೆಗಳಲ್ಲಿ ಹೆಣಿಗೆ ಮತ್ತು ಅಳತೆಯ ಚರಿತ್ರೆ

‘ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದರು’ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಆಗಬೇಕಾದದ್ದು ಆಗುವ ಮೊದಲೇ ಆತುರಪಡುವವರನ್ನು ಕುರಿತು ಹಿರಿಯರು ಆಡುತ್ತಿದ್ದ ಹಾಸ್ಯದ ಮಾತದು. ಆದರೆ ಆ ಗಾದೆಯೊಳಗೆ ಉಡುಪಿನ ಚರಿತ್ರೆಗೆ ಸಂಬಂಧಿಸಿದ ಒಂದು ತಿಳಿವಳಿಕೆಯೂ ಅಡಗಿದೆ. ಹೊಲಿದ ಬಟ್ಟೆಗೆ ತೊಡುವವರ ಅಳತೆ ಬೇಕು. ಮೈ ಕಣ್ಣೆದುರಿಗಿಲ್ಲದೆ ಅಳತೆಯಿಲ್ಲ. ಅಳತೆಯಿಲ್ಲದೆ ಹೊಲಿಸಿದ ಕುಲಾವಿ ತಲೆಗೆ ಹಿಡಿಸೀತೆಂಬ ಭರವಸೆಯಿಲ್ಲ. ಸೀರೆ, ಪಂಚೆ, ಕಂಬಳಿಗಳನ್ನು ಉಟ್ಟು ಹೊದ್ದು ಬಾಳಿದ ಜನ ಈ ಸತ್ಯವನ್ನು ಗಾದೆಯಾಗಿ ನೆನಪಿಟ್ಟುಕೊಂಡದ್ದು ಗಮನಾರ್ಹ.

ಈ ಲೇಖನದ ವಸ್ತು, ಮನೆಯಲ್ಲಿ ಕೈಯಾರೆ ಹೆಣೆದ ಉಡುಪು ಮತ್ತು ಅದನ್ನು ಮೈಗೆ ಒಪ್ಪುವಂತೆ ಮಾಡುವ ಲೆಕ್ಕ. ಸಿಂಗಪುರದ ಟ್ಯಾಂಪಿನೀಸಿನಿಂದ ಸ್ವೆಟರಿನ ಚರಿತ್ರೆಯನ್ನು ಬರೆಯುವುದು ಕೆಲವರಿಗೆ ವಿನೋದವೆನಿಸಬಹುದು. ಸಮಭಾಜಕ ವೃತ್ತದಿಂದ ಒಂದೂವರೆ ಡಿಗ್ರಿಯಷ್ಟೂ ದೂರವಿಲ್ಲದ ಈ ಊರಿನಲ್ಲಿ ಉಣ್ಣೆಗೇನು ಕೆಲಸ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಉತ್ತರ ಮುಂದೆ ಬರುತ್ತದೆ. ಅದಕ್ಕೆ ಮೊದಲು, ಈ ಕಲೆ ನಮ್ಮ ಮನೆಗಳಿಗೆ ಯಾವ ದಾರಿಯಿಂದ ಬಂದಿತು ಎಂಬುದನ್ನು ಅವಲೋಕಿಸುವುದು ಉಚಿತ.

ಅಳತೆ ಬೇಡದ ಉಡುಪು

ಕನ್ನಡದಲ್ಲಿ ಬಟ್ಟೆಗೆ ಸಂಬಂಧಿಸಿದ ಮೂರು ಕೆಲಸಗಳಿಗೆ ಮೂರು ಬೇರೆ ಮಾತುಗಳಿವೆ: ನೆಯ್ಗೆ, ಹೊಲಿಗೆ, ಹೆಣಿಗೆ. ಮಗ್ಗದ ಮೇಲೆ ಹಾಸು ಹೊಕ್ಕುಗಳನ್ನು ಕೂಡಿಸುವುದು ನೆಯ್ಗೆ. ನೆಯ್ದದ್ದನ್ನು ಕತ್ತರಿಸಿ ಸೂಜಿದಾರದಿಂದ ಜೋಡಿಸುವುದು ಹೊಲಿಗೆ. ಒಂದೇ ಎಳೆಯನ್ನು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ತೂರಿಸಿ ಬಟ್ಟೆಯನ್ನೇ ಸೃಷ್ಟಿಸುವುದು ಹೆಣಿಗೆ. ಈ ಮೂರನೆಯದಕ್ಕೆ ನಮ್ಮ ಹೆಂಗಸರು ಹೊಸ ಮಾತನ್ನು ಹುಡುಕಲಿಲ್ಲ. ಜಡೆ ಹೆಣೆಯುವುದು, ಚಾಪೆ ಹೆಣೆಯುವುದು, ಬುಟ್ಟಿ ಹೆಣೆಯುವುದು ಎಂದು ಮೊದಲಿನಿಂದಲೂ ಬಳಕೆಯಲ್ಲಿದ್ದ ಕ್ರಿಯಾಪದವನ್ನೇ ಉಲ್ಲನ್ನಿಗೂ ಅನ್ವಯಿಸಿದರು. ಪರದೇಶದಿಂದ ಬಂದ ಕಲೆಯೊಂದು ಹೀಗೆ ಮಾತಿನ ಮೂಲಕವೇ ಮನೆಯದಾಯಿತು.

ನಮ್ಮ ಪೂರ್ವಿಕರ ಉಡುಪುಗಳಲ್ಲಿ ಹೆಚ್ಚಿನವು ಮೈಯಳತೆಯನ್ನು ಕೇಳುತ್ತಿರಲಿಲ್ಲ. ಹದಿನೆಂಟು ಮೊಳದ ಸೀರೆ ಎತ್ತರದವಳಿಗೂ ಗಿಡ್ಡವಳಿಗೂ ಒಂದೇ. ನೆರಿಗೆಯ ಸಂಖ್ಯೆ, ಸೆರಗಿನ ಉದ್ದ ಇವುಗಳೇ ದೇಹದ ವ್ಯತ್ಯಾಸವನ್ನು ಸರಿದೂಗಿಸುತ್ತಿದ್ದವು. ಕುರುಬ ಸಮುದಾಯದವರು ದಖನ್ನಿನ ಕುರಿಗಳ ಒರಟು ಕಪ್ಪು ಉಣ್ಣೆಯನ್ನು ನೂತು, ಹಾಸಿಗೆ ಹುಣಸೆಬೀಜದ ಸರಿಯನ್ನು ಬಳಿದು, ಗುಂಡಿಮಗ್ಗದಲ್ಲಿ ನೆಯ್ದ ಕಂಬಳಿಯೂ ಅಂತಹುದೇ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಳೆ ಬಂದಾಗ ಮೂಲೆ ಮಡಿಚಿ ತಲೆಯ ಮೇಲೆ ಹಾಕಿಕೊಂಡರೆ ಕೊಪ್ಪೆ. ಅಜ್ಜನ ಕಂಬಳಿ ಮೊಮ್ಮಗನಿಗೂ ಆಗುತ್ತಿತ್ತು. ಕರ್ನಾಟಕಕ್ಕೆ ಉಣ್ಣೆ ಹೊಸದಲ್ಲ. ಉಣ್ಣೆಯನ್ನು ಮೈಯ ಆಕಾರಕ್ಕೆ ಒಗ್ಗಿಸುವುದು ಮಾತ್ರ ಹೊಸದು.

ಇದಕ್ಕೆ ಅಪವಾದವೆಂದರೆ ಕುಪ್ಪಸ. ಗುಳೇದಗುಡ್ಡದ ನೇಕಾರರು ಕುಪ್ಪಸಕ್ಕೆಂದೇ ಖಣವನ್ನು ನೆಯ್ದರು. ಅದರ ಅಂಚು ತೋಳಿನ ಮೇಲೆ ಬರುವಂತೆ ಹೊಲಿಯುವ ಪದ್ಧತಿ ಬೆಳೆಯಿತು. ಧಾರವಾಡದ ಕಡೆಯ ಕಸೂತಿಯನ್ನೂ ಇಲ್ಲಿ ನೆನೆಯಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಕಟ್ಟೆಗಳನ್ನು ಮೂಡಿಸುವಾಗ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಒಂದೆಳೆ ತಪ್ಪಿದರೆ ಗೋಪುರ ವಾಲುತ್ತದೆ. ಶಾಲೆಯ ಮುಖ ಕಾಣದ ಹೆಂಗಸರೂ ಈ ಎಣಿಕೆಯಲ್ಲಿ ನಿಷ್ಣಾತರಾಗಿದ್ದರು. ಮುಂದೆ ಉಲ್ಲನ್ ಕಡ್ಡಿಗಳು ಕೈಗೆ ಬಂದಾಗ ಅವರಿಗೆ ಹೊಸದಾಗಿ ಕಲಿಯಬೇಕಾದದ್ದು ಕುಣಿಕೆ ಹಾಕುವುದನ್ನೇ ಹೊರತು ಎಣಿಸುವುದನ್ನಲ್ಲ.

ಹೆಣಿಗೆ ಬಂದ ದಾರಿ

ಎರಡು ಕಡ್ಡಿಗಳ ಹೆಣಿಗೆ ಜಗತ್ತಿನ ಕರಕುಶಲಗಳಲ್ಲಿ ತೀರ ಹಳೆಯದೇನಲ್ಲ. ನೆಯ್ಗೆಗೆ ಸಾವಿರಾರು ವರ್ಷಗಳ ಇತಿಹಾಸವಿದ್ದರೆ, ಇಂದು ಉಳಿದಿರುವ ಹೆಣಿಗೆಯ ಅತಿ ಹಳೆಯ ಮಾದರಿಗಳು ಈಜಿಪ್ಟಿನಲ್ಲಿ ದೊರೆತ ಮಧ್ಯಯುಗದ ಕಾಲುಚೀಲಗಳು. ಅವುಗಳಲ್ಲಿ ಹಲವು ಹತ್ತಿಯ ನೂಲಿನವು, ನೀಲಿ ಮತ್ತು ಬಿಳಿ ಬಣ್ಣದವು. ಮೊದಲು ಹೆಣೆದದ್ದು ಕಾಲುಚೀಲವನ್ನೇ ಎಂಬುದರಲ್ಲಿ ಆಶ್ಚರ್ಯವಿಲ್ಲ. ಪಾದ, ಹಿಮ್ಮಡಿ, ಕಣಕಾಲುಗಳ ತಿರುವಿಗೆ ನೆಯ್ದ ಬಟ್ಟೆ ಬಾಗುವುದಿಲ್ಲ. ಕುಣಿಕೆಗಳ ಬಟ್ಟೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಮೈಗೆ ಒಪ್ಪುವುದೇ ಈ ಕಲೆಯ ಹುಟ್ಟಿನ ಕಾರಣವೆಂದರೆ ತಪ್ಪಾಗಲಾರದು.

ಯುರೋಪಿನಲ್ಲಿ ಇದು ಮನೆಗೆಲಸವಾಗಿಯೂ ವೃತ್ತಿಯಾಗಿಯೂ ಬೆಳೆಯಿತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದನು. ಇಂದು ನಾವೆಲ್ಲರೂ ತೊಡುವ ಬನಿಯನ್ ಆ ಯಂತ್ರದ ದೂರದ ಸಂತತಿ. ‘ಬನಿಯನ್’ ಎಂಬ ಹೆಸರು ಭಾರತದ ಬನಿಯಾ ವರ್ತಕರ ಹೆಸರಿನಿಂದ ಹುಟ್ಟಿ, ಪಶ್ಚಿಮದವರ ಬಾಯಲ್ಲಿ ಸಡಿಲವಾದ ಅಂಗಿಯೊಂದರ ಹೆಸರಾಗಿ, ಕೊನೆಗೆ ನಮ್ಮಲ್ಲಿಗೇ ಒಳಉಡುಪಿನ ಹೆಸರಾಗಿ ಹಿಂದಿರುಗಿತು. ಕಾರ್ಡಿಗನ್, ರಾಗ್ಲಾನ್ ತೋಳು, ಬಾಲಾಕ್ಲಾವಾ ಟೋಪಿ ಎಂಬ ಮೂರು ಹೆಸರುಗಳೂ 1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದೊಂದಿಗೆ ಬೆಸೆದುಕೊಂಡಿವೆ. ಮೊದಲೆರಡು ಬ್ರಿಟಿಷ್ ಸೇನಾಧಿಕಾರಿಗಳಿಂದ, ಮೂರನೆಯದು ಒಂದು ರಣರಂಗದಿಂದ ಬಂದಿತು. ನಮ್ಮ ಅಜ್ಜಂದಿರು ಬೆಳಗಿನ ವಾಯುವಿಹಾರಕ್ಕೆ ತೊಡುತ್ತಿದ್ದ ಮಂಕಿಕ್ಯಾಪು ಆ ಬಾಲಾಕ್ಲಾವಾದ ಬಂಧುವೇ.

ಮಂಗಳೂರು, ಮೈಸೂರು, ಬೆಂಗಳೂರು

ಕನ್ನಡ ನಾಡಿಗೆ ಹೆಣಿಗೆಯ ಕಡ್ಡಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಮುಖ್ಯವಾಗಿ ಎರಡು ಬಾಗಿಲುಗಳಿಂದ ಪ್ರವೇಶಿಸಿದವು: ಮಿಷನರಿಗಳ ಶಾಲೆ ಮತ್ತು ದಂಡುಪ್ರದೇಶ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಮುದ್ರಣಾಲಯ, ಹೆಂಚಿನ ಕಾರ್ಖಾನೆ, ಕಿಟೆಲ್ ಅವರ 1894ರ ನಿಘಂಟು ಇವುಗಳನ್ನು ಅರಿಯದ ಕನ್ನಡಿಗರು ವಿರಳ. ಅವರು ನಡೆಸಿದ ನೇಯ್ಗೆಯ ಕಾರ್ಖಾನೆಯೂ ಅಷ್ಟೇ ಪ್ರಸಿದ್ಧವಾಗಿತ್ತು; 1850ರ ದಶಕದಲ್ಲಿ ಅಲ್ಲಿ ಹಾಲರ್ ಎಂಬುವರು ಖಾಕಿ ಬಣ್ಣದ ಬಟ್ಟೆಯನ್ನು ರೂಪಿಸಿದರೆಂಬ ಕೀರ್ತಿಯಿದೆ. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಸನ್ಯಾಸಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣವನ್ನು ಕೈಗೆತ್ತಿಕೊಂಡರು. ಆ ಕಾಲದ ಮಿಷನ್ ಶಾಲೆಗಳಲ್ಲಿ ಓದು, ಬರಹ, ಲೆಕ್ಕಗಳ ಜೊತೆಗೆ ಸೂಜಿಕೆಲಸವೂ ಹುಡುಗಿಯರ ಪಾಠವಾಗಿತ್ತು.

ದಂಡುಪ್ರದೇಶದ ಪಾತ್ರ ಬೇರೆ ಬಗೆಯದು. 1809ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ನೆಲೆನಿಂತ ಮೇಲೆ ಯುರೋಪಿಯನ್ ಕುಟುಂಬಗಳೂ ಅವರಿಗೆ ಬೇಕಾದ ಅಂಗಡಿಗಳೂ ಬಂದವು. 1884ರಲ್ಲಿ ಬೆಂಗಳೂರು ಉಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಸ್ಥಾಪನೆಯಾಯಿತು. ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದ ಈ ಗಿರಣಿಯನ್ನು ಜನ ಬಿನ್ನಿ ಮಿಲ್ ಎಂದೇ ಕರೆದರು. ಡಿಸೆಂಬರಿನ ಬೆಂಗಳೂರು, ವರ್ಷವೆಲ್ಲ ತಂಪಾದ ಮಡಿಕೇರಿ, ಮಳೆಗಾಲದ ಮಲೆನಾಡು ಇವೆಲ್ಲವೂ ಬೆಚ್ಚನೆಯ ಉಡುಪನ್ನು ಕೇಳುವ ಪ್ರದೇಶಗಳೇ.

ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. 1913ರಲ್ಲಿ ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜ ಹುಟ್ಟಿತು. ಊರೂರುಗಳಲ್ಲಿ ಇಂತಹ ಸಮಾಜಗಳು ತಲೆಯೆತ್ತಿದಂತೆ ಮಧ್ಯಾಹ್ನದ ಹೊತ್ತಿನ ಹೊಲಿಗೆ, ಕಸೂತಿ, ಹೆಣಿಗೆಯ ತರಗತಿಗಳು ಮಧ್ಯಮವರ್ಗದ ಗೃಹಿಣಿಯರಿಗೆ ಮನೆಯ ಹೊಸ್ತಿಲು ದಾಟಲು ಗೌರವದ ಕಾರಣವನ್ನು ಒದಗಿಸಿದವು. ಎಷ್ಟೋ ವಿಧವೆಯರಿಗೆ ಇದು ನಾಲ್ಕು ಕಾಸಿನ ಸ್ವತಂತ್ರ ಸಂಪಾದನೆಯೂ ಆಯಿತು. ಮುಂದೆ ಲೂಧಿಯಾನದಿಂದ ಉಲ್ಲನ್ ಉಂಡೆಗಳು, ಕ್ಯಾಶ್ಮಿಲಾನ್ ಎಂದು ಹೆಸರಾದ ಅಕ್ರಿಲಿಕ್ ನೂಲು ಎಲ್ಲ ಊರುಗಳ ಅಂಗಡಿಗಳಿಗೂ ಬಂದಾಗ, ಬಸುರಿಯ ಮನೆಯಲ್ಲಿ ಕುಲಾವಿ, ಕಾಲುಚೀಲ, ಪುಟ್ಟ ಸ್ವೆಟರುಗಳ ಹೆಣಿಗೆ ಬಾಣಂತನದ ಸಿದ್ಧತೆಗಳಲ್ಲಿ ಒಂದಾಯಿತು. ನವಜಾತ ಶಿಶುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 34–35 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಹೆಣೆದ ಕುಲಾವಿಯನ್ನು ಅದಕ್ಕಿಂತ ತುಸು ಕಿರಿದಾಗಿಯೇ ಮಾಡಿದರೂ ಅದು ಹಿಗ್ಗಿ ತಲೆಗೆ ಕೂರುತ್ತದೆ. ಹೊಲಿದ ಕುಲಾವಿಗೆ ಸಲ್ಲುವ ಗಾದೆ ಹೆಣೆದ ಕುಲಾವಿಗೆ ಸಲ್ಲಲಿಲ್ಲ.

ಸಿಂಗಪುರದ ಸೂಜಿ

ಇದೇ ಕಾಲದಲ್ಲಿ ಸಿಂಗಪುರದಲ್ಲಿಯೂ ಇಂತಹುದೇ ಕಥೆ ನಡೆದಿತ್ತು ಎಂಬುದು ಇಲ್ಲಿ ನೆಲೆಸಿರುವ ಕನ್ನಡಿಗರಿಗೆ ಆಸಕ್ತಿಯ ವಿಷಯ. 1842ರಲ್ಲಿ ಮರಿಯಾ ಡೈಯರ್ ಎಂಬ ಮಿಷನರಿ ಮಹಿಳೆ ಇಲ್ಲಿ ಆರಂಭಿಸಿದ ಹೆಣ್ಣುಮಕ್ಕಳ ಶಾಲೆ ಇಂದು ಸೇಂಟ್ ಮಾರ್ಗರೆಟ್ಸ್ ಎಂಬ ಹೆಸರಿನಲ್ಲಿ ಉಳಿದಿದೆ. 1854ರಲ್ಲಿ ಫ್ರಾನ್ಸಿನ ಸನ್ಯಾಸಿನಿಯರು ಹೋಲಿ ಇನ್‌ಫಂಟ್ ಜೀಸಸ್ ಕಾನ್ವೆಂಟನ್ನು ತೆರೆದರು. ಅನಾಥ ಬಾಲಿಕೆಯರು ಕಲಿತ ಸೂಜಿಕೆಲಸವನ್ನು ಮಾರಿ ಬಂದ ಹಣ ಆ ಸಂಸ್ಥೆಗಳ ವೆಚ್ಚಕ್ಕೆ ಒದಗುತ್ತಿತ್ತು. ಮಂಗಳೂರಿನ ಶಾಲೆಯ ಹುಡುಗಿಯೂ ಸಿಂಗಪುರದ ಕಾನ್ವೆಂಟಿನ ಹುಡುಗಿಯೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ವಿದ್ಯೆಯನ್ನು ಕಲಿತರು.

ಟ್ಯಾಂಪಿನೀಸಿನ ನೆರೆಯ ಚಾಂಗಿಯಲ್ಲಿ ಸೂಜಿದಾರ ಇನ್ನೊಂದು ಕೆಲಸವನ್ನೂ ಮಾಡಿತು. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ವಶವಾದ ಮೇಲೆ ಯುರೋಪಿಯನ್ ನಾಗರಿಕ ಮಹಿಳೆಯರನ್ನೂ ಮಕ್ಕಳನ್ನೂ ಚಾಂಗಿ ಸೆರೆಮನೆಯಲ್ಲಿ ಕೂಡಿಹಾಕಲಾಯಿತು. ಪಕ್ಕದಲ್ಲೇ ಬಂಧಿತರಾಗಿದ್ದ ಗಂಡಂದಿರಿಗೆ ತಾವು ಬದುಕಿದ್ದೇವೆಂದು ತಿಳಿಸುವ ದಾರಿ ಆ ಹೆಂಗಸರಿಗಿರಲಿಲ್ಲ. ಎಥೆಲ್ ಮುಲ್ವಾನಿ ಎಂಬ ಕೆನಡಾದ ಮಹಿಳೆಯ ಪ್ರೇರಣೆಯಿಂದ ಅವರು ಬಟ್ಟೆಯ ಚೌಕಗಳ ಮೇಲೆ ತಮ್ಮ ಹೆಸರನ್ನೂ ಚಿತ್ರವನ್ನೂ ಕಸೂತಿ ಹಾಕಿ, 66 ಚೌಕಗಳ ಒಂದೊಂದು ಕೌದಿಯಂತೆ ಮೂರು ಕೌದಿಗಳನ್ನು ಹೊಲಿದು, ಗಾಯಗೊಂಡ ಸೈನಿಕರಿಗೆಂದು ಆಸ್ಪತ್ರೆಗೆ ಕಳಿಸಿದರು. ಅವು ಇಂದಿಗೂ ಸುರಕ್ಷಿತವಾಗಿವೆ. ಎರಡು ಆಸ್ಟ್ರೇಲಿಯಾದ ಯುದ್ಧ ಸ್ಮಾರಕದಲ್ಲಿ, ಒಂದು ಬ್ರಿಟಿಷ್ ರೆಡ್ ಕ್ರಾಸ್ ಸಂಸ್ಥೆಯಲ್ಲಿ. ಹೆಂಗಸರ ಕೈಗೆಲಸವನ್ನು ಹೊತ್ತುಕಳೆಯುವ ಹವ್ಯಾಸವೆಂದು ತಳ್ಳಿಹಾಕುವವರು ಈ ಕೌದಿಗಳನ್ನು ನೆನೆಯಬೇಕು. ಕಾಗದ ಕಳಿಸಲಾಗದ ಕಡೆಗೆ ಬಟ್ಟೆ ಸುದ್ದಿಯನ್ನು ಒಯ್ದಿತು.

ಟ್ಯಾಂಪಿನೀಸಿನಲ್ಲಿ ಸ್ವೆಟರು

ಟ್ಯಾಂಪಿನೀಸಿಗೆ ಆ ಹೆಸರು ಬಂದದ್ದು ಹಿಂದೆ ಇಲ್ಲಿ ಬೆಳೆಯುತ್ತಿದ್ದ, ಕಬ್ಬಿಣದಷ್ಟು ಗಟ್ಟಿಯಾದ ಟೆಂಪಿನಿಸ್ ಮರದಿಂದ. ಮರಗಳ ನಾಡು ಮುಂದೆ ಮರಳಿನ ಗಣಿಗಳ ಪ್ರದೇಶವಾಗಿ, 1970ರ ದಶಕದ ಕೊನೆಯಿಂದ ವಸತಿ ಮಂಡಲಿಯ ಹೊಸ ಪಟ್ಟಣವಾಗಿ ಬೆಳೆಯಿತು. 1989ರಲ್ಲಿ ಇಲ್ಲಿಗೆ ರೈಲು ಬಂದಿತು. 1992ರಲ್ಲಿ ಈ ಪಟ್ಟಣಕ್ಕಾಗಿ ವಸತಿ ಮಂಡಲಿಗೆ ವಿಶ್ವ ಆವಾಸ ಪ್ರಶಸ್ತಿ ದೊರೆಯಿತು. 1990ರ ದಶಕದ ಉತ್ತರಾರ್ಧದಲ್ಲಿ ಚಾಂಗಿ ಬಿಸಿನೆಸ್ ಪಾರ್ಕ್ ತಲೆಯೆತ್ತಿ, ಬ್ಯಾಂಕುಗಳ ಮತ್ತು ಗಣಕ ಸಂಸ್ಥೆಗಳ ಕಚೇರಿಗಳು ನೆಲೆಯೂರಿದಂತೆ, ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಬಂದ ಕುಟುಂಬಗಳು ಟ್ಯಾಂಪಿನೀಸ್, ಸಿಮೇ, ಪಾಸಿರ್ ರಿಸ್‌ಗಳಲ್ಲಿ ಮನೆಮಾಡಿದವು. 1996ರಲ್ಲಿ ಸ್ಥಾಪನೆಯಾದ ಸಿಂಗಪುರ ಕನ್ನಡ ಸಂಘದ ಬೆಳವಣಿಗೆಯೂ ಈ ವಲಸೆಯ ಜೊತೆಜೊತೆಗೇ ಸಾಗಿತು.

ಈಗ ಆರಂಭದ ಪ್ರಶ್ನೆಗೆ ಬರೋಣ. ಹವಾನಿಯಂತ್ರಣವಿಲ್ಲದಿದ್ದರೆ ಸಿಂಗಪುರ ಈ ಏಳಿಗೆಯನ್ನು ಕಾಣುತ್ತಿರಲಿಲ್ಲವೆಂಬ ಅರ್ಥದ ಮಾತನ್ನು ದಿವಂಗತ ಪ್ರಧಾನಿ ಲೀ ಕ್ವಾನ್ ಯೂ ಅವರು ಆಡಿದ್ದು ಪ್ರಸಿದ್ಧವಾಗಿದೆ. ಹೊರಗೆ ಮೂವತ್ತೆರಡು ಡಿಗ್ರಿ ಬೇಗೆ. ಕಚೇರಿ, ಗ್ರಂಥಾಲಯ, ಚಿತ್ರಮಂದಿರಗಳ ಒಳಗೆ ಡಿಸೆಂಬರಿನ ಬೆಂಗಳೂರು. ಆದ್ದರಿಂದಲೇ ಸಮಭಾಜಕದ ಈ ಊರಿನಲ್ಲಿ ಕುರ್ಚಿಯ ಬೆನ್ನಿಗೆ ತೂಗುಹಾಕಿದ ಕಾರ್ಡಿಗನ್ ಇಲ್ಲದ ಕಚೇರಿಯನ್ನು ಹುಡುಕುವುದು ಕಷ್ಟ. ಇಲ್ಲಿಗೆ ಬೇಕಾದದ್ದು ದಪ್ಪ ಉಣ್ಣೆಯಲ್ಲ. ತೆಳುವಾದ ಹತ್ತಿಯ ನೂಲಿನ, ತೋಳು ಮುಚ್ಚುವ, ಮಡಿಚಿ ಚೀಲದಲ್ಲಿಟ್ಟುಕೊಳ್ಳಬಹುದಾದ ಹೆಣಿಗೆ. ಮಗಳ ಬಾಣಂತನಕ್ಕೆಂದು ಬಂದ ತಾಯಂದಿರು ಮೊಮ್ಮಗುವಿನ ಕುಲಾವಿಯನ್ನು ಮುಗಿಸಿ, ಉಳಿದ ದಿನಗಳಲ್ಲಿ ಮಗಳಿಗೋ ಅಳಿಯನಿಗೋ ಇಂತಹುದೊಂದನ್ನು ಹೆಣೆದುಕೊಟ್ಟು ಹೋಗುವುದನ್ನು ಟ್ಯಾಂಪಿನೀಸಿನ ಕನ್ನಡ ಮನೆಗಳಲ್ಲಿ ಕಂಡಿದ್ದೇನೆ.

ಅಂಗಡಿಯಲ್ಲಿ ಸಿದ್ಧ ಉಡುಪು ದೊರೆಯುವುದಿಲ್ಲವೇ? ದೊರೆಯುತ್ತದೆ. ಆದರೆ ಅದರ ಅಳತೆ ಯಾರ ಮೈಯದು? ಅಮೆರಿಕದಲ್ಲಿ 1939–40ರಲ್ಲಿ ಸರಕಾರದ ವತಿಯಿಂದ ಸುಮಾರು 15,000 ಮಹಿಳೆಯರ ಮೈಯಳತೆಯನ್ನು ತೆಗೆಯಲಾಯಿತು. ಒಬ್ಬೊಬ್ಬರದು 59 ಅಳತೆಗಳು. ಸಿದ್ಧ ಉಡುಪಿನ ಪ್ರಮಾಣಗಳಿಗೆ ಆಧಾರವಾದ ಆ ಲೆಕ್ಕದಲ್ಲಿ ಬಿಳಿಯ ಮಹಿಳೆಯರ ಅಳತೆಗಳನ್ನು ಮಾತ್ರ ಪರಿಗಣಿಸಲಾಗಿತ್ತು. ಭುಜ ಸರಿಹೋದರೆ ತೋಳು ಉದ್ದ, ಸೊಂಟ ಸರಿಹೋದರೆ ಎದೆ ಬಿಗಿ ಎಂದು ನಮ್ಮ ಹೆಣ್ಣುಮಕ್ಕಳು ಬಟ್ಟೆ ಅಂಗಡಿಗಳ ಕನ್ನಡಿಯ ಮುಂದೆ ಕೊರಗುವಾಗ ತಪ್ಪು ಅವರ ಮೈಯದಲ್ಲ. ಎಣಿಕೆಯಲ್ಲಿ ಸೇರದವರಿಗೆ ಅಳತೆ ಒಪ್ಪುವುದಾದರೂ ಹೇಗೆ?

ಮೈಗೊಪ್ಪುವ ಲೆಕ್ಕ

ಕೈಹೆಣಿಗೆಯ ಹಿರಿಮೆ ಇರುವುದು ಇಲ್ಲಿಯೇ. ಅದರ ಲೆಕ್ಕ ತೊಡುವವರಿಂದ ಹೊರಡುತ್ತದೆ. ಮೊದಲು ನಾಲ್ಕು ಅಂಗುಲದ ಒಂದು ಚೌಕವನ್ನು ಮಾದರಿಗಾಗಿ ಹೆಣೆದು, ಒಗೆದು, ಒಣಗಿಸಿ, ಒಂದು ಅಂಗುಲಕ್ಕೆ ಎಷ್ಟು ಕುಣಿಕೆಗಳು ಬಂದಿವೆಯೆಂದು ಎಣಿಸಬೇಕು. ಎದೆಯ ಸುತ್ತಳತೆ 38 ಅಂಗುಲವಿದ್ದು, ಉಸಿರಾಟಕ್ಕೂ ಒಳಗಿನ ಬಟ್ಟೆಗೂ 2 ಅಂಗುಲ ಸಡಿಲು ಬಿಟ್ಟರೆ 40 ಅಂಗುಲ. ಅಂಗುಲಕ್ಕೆ 5 ಕುಣಿಕೆಗಳಾದರೆ ಒಟ್ಟು 200. ಇದೇ 200 ಕುಣಿಕೆಗಳನ್ನು ಕೈ ಬಿಗಿಯಾದ ಇನ್ನೊಬ್ಬರು ಅಂಗುಲಕ್ಕೆ ಐದೂವರೆಯಂತೆ ಹೆಣೆದರೆ ಉಡುಪಿನ ಸುತ್ತಳತೆ ಸುಮಾರು 36 ಅಂಗುಲಕ್ಕೆ ಇಳಿಯುತ್ತದೆ. ಮೈಗಿಂತ ಉಡುಪೇ ಚಿಕ್ಕದಾಗುತ್ತದೆ. ಅರ್ಧ ಕುಣಿಕೆಯ ಅಲಕ್ಷ್ಯಕ್ಕೆ ಇಷ್ಟು ದೊಡ್ಡ ಬೆಲೆ. ಮಾದರಿ ಚೌಕವನ್ನು ಹೆಣೆಯುವ ಒಂದು ಗಂಟೆಯನ್ನು ಉಳಿಸಲು ಹೋಗಿ ಒಂದು ತಿಂಗಳ ಕೆಲಸವನ್ನು ಬಿಚ್ಚಿದವರು ಪ್ರತಿ ಊರಿನಲ್ಲೂ ಇದ್ದಾರೆ.

ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಝಿಮರ್‌ಮನ್ ಎಂಬಾಕೆ ಈ ಲೆಕ್ಕವನ್ನು ಇನ್ನಷ್ಟು ಸರಳಗೊಳಿಸಿದರು. ಎದೆಯ ಸುತ್ತಳತೆಯ ಕುಣಿಕೆಗಳನ್ನು ನೂರು ಪಾಲೆಂದು ಇಟ್ಟುಕೊಂಡರೆ ಮುಂಗೈಗೆ 20 ಪಾಲು, ತೋಳಿನ ಮೇಲ್ಭಾಗಕ್ಕೆ 33ರಿಂದ 35, ಕತ್ತಿಗೆ 40 ಪಾಲು. ನಮ್ಮ 200 ಕುಣಿಕೆಗಳ ಉಡುಪಿಗೆ ಅದು ಕ್ರಮವಾಗಿ 40, ಸುಮಾರು 68, ಮತ್ತು 80. ಆಕೆ ಪುಸ್ತಕದಲ್ಲಿ ಬರೆದಿಟ್ಟದ್ದನ್ನು ನಮ್ಮ ತಾಯಂದಿರು ಗೇಣು ಬೆರಳುಗಳಲ್ಲಿ ಅರಿತಿದ್ದರು. ಮಗುವಿನ ಬೆನ್ನ ಮೇಲೆ ಗೇಣಿಟ್ಟು ನೋಡಿ, ‘ಒಂದು ಗೇಣು ನಾಲ್ಕು ಬೆರಳು, ಬೆಳೆಯುವುದಕ್ಕೆ ಇನ್ನೆರಡು ಬೆರಳು’ ಎಂದು ಹೇಳಿ ಕುಣಿಕೆ ಹಾಕಲು ಕುಳಿತುಬಿಡುತ್ತಿದ್ದರು.

ಸಿಂಗಪುರದ ಹವೆಯಲ್ಲಿ ಹತ್ತಿಯ ನೂಲನ್ನು ಹಿಡಿಯುವವರು ಇನ್ನೊಂದು ಸಂಗತಿಯನ್ನು ಅರಿತಿರಬೇಕು. ಉಣ್ಣೆಗೆ ಹಿಗ್ಗಿ ಮತ್ತೆ ಕುಗ್ಗುವ ಗುಣವಿದೆ. ಹತ್ತಿಗೆ ಅದು ಕಡಿಮೆ. ಹತ್ತಿಯ ಹೆಣಿಗೆ ತನ್ನ ಭಾರಕ್ಕೆ ತಾನೇ ಜೋತು ಉದ್ದವಾಗುತ್ತದೆ, ಅಂಚಿನ ಪಟ್ಟಿ ಸಡಿಲಾಗುತ್ತದೆ. ಆದುದರಿಂದ ಮಾದರಿ ಚೌಕವನ್ನು ಒಗೆದ ಮೇಲೆ ತೂಗುಹಾಕಿ ಅಳೆಯುವುದು, ಸಡಿಲು ಕಡಿಮೆ ಬಿಡುವುದು, ಅಂಚಿಗೆ ಒಂದು ಅಳತೆ ಸಣ್ಣ ಕಡ್ಡಿಯನ್ನು ಬಳಸುವುದು ಕ್ಷೇಮ. ಊರಿನ ಉಣ್ಣೆಯ ಲೆಕ್ಕವನ್ನು ಇಲ್ಲಿನ ಹತ್ತಿಗೆ ಯಥಾವತ್ತಾಗಿ ಹೊಂದಿಸಿದರೆ ಸ್ವೆಟರು ಮೊಣಕಾಲಿಗೆ ಇಳಿಯುತ್ತದೆ.

ಹತ್ತನೇ ನಂಬರಿನ ಕಡ್ಡಿ

ಹವೆ ಬದಲಾದಂತೆ ಲೆಕ್ಕ ಬದಲಾಗುತ್ತದೆ; ಸಾಗರ ದಾಟಿದಾಗ ಅಂಕಿಯ ಅರ್ಥವೇ ಬದಲಾಗುತ್ತದೆ. ಭಾರತದಲ್ಲಿ ಬಳಕೆಯಲ್ಲಿರುವ ಕಡ್ಡಿಗಳ ನಂಬರು ಬ್ರಿಟಿಷರ ತಂತಿಯ ದಪ್ಪದ ಪ್ರಮಾಣದಿಂದ ಬಂದದ್ದು. ಅದರಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ತೆಳುವಾಗುತ್ತದೆ. ಹತ್ತನೇ ನಂಬರೆಂದರೆ 3.25 ಮಿಲಿಮೀಟರು. ಅಮೆರಿಕದಲ್ಲಿ ಕ್ರಮ ತಿರುವುಮುರುವು. ಅಲ್ಲಿ ಹತ್ತನೇ ನಂಬರೆಂದರೆ 6 ಮಿಲಿಮೀಟರು. ನೂಲಿಗೂ ಇದೇ ಗತಿ. ನಾವು ಮೂರು ಪ್ಲೈ, ನಾಲ್ಕು ಪ್ಲೈ ಎನ್ನುವುದನ್ನು ಅಲ್ಲಿ ಬೇರೆ ಹೆಸರುಗಳಿಂದ ಕರೆಯುತ್ತಾರೆ.

ಟ್ಯಾಂಪಿನೀಸಿನ ಪರಿಚಿತ ಕುಟುಂಬವೊಂದರಲ್ಲಿ ಇದರ ಫಲವನ್ನು ಕಂಡೆ. ಮೈಸೂರಿನಲ್ಲಿದ್ದ ತಾಯಿ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಒಂದು ಹಳೆಯ ನೋಟುಪುಸ್ತಕ ದೊರೆಯಿತು. ಹಾಲಿನ ಲೆಕ್ಕ, ದೇವರನಾಮಗಳ ನಡುವೆ ಒಂದು ಪುಟದಲ್ಲಿ ‘ವರ್ಷದ ಮಗುವಿಗೆ, 10ನೇ ಕಡ್ಡಿ, ಮುಂಭಾಗಕ್ಕೆ 72’ ಎಂದಿತ್ತು. ಅದಕ್ಕಿಂತ ಹೆಚ್ಚಿನ ವಿವರವಿರಲಿಲ್ಲ; ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಅಮೆರಿಕದಲ್ಲಿದ್ದ ಹಿರಿಯ ಮಗಳು ಅಲ್ಲಿಯ ಹತ್ತನೇ ನಂಬರಿನ ಕಡ್ಡಿಯನ್ನೂ ಅದಕ್ಕೆ ಹೊಂದುವ ದಪ್ಪ ನೂಲನ್ನೂ ಕೊಂಡು, ತಾಯಿಯ ಲೆಕ್ಕದಂತೆಯೇ ಮೊಮ್ಮಗನಿಗೆ ಹೆಣೆದರು. ಅಂಗುಲಕ್ಕೆ ನಾಲ್ಕು ಕುಣಿಕೆಗಳಂತೆ ಮುಂಭಾಗವೇ 18 ಅಂಗುಲ ಅಗಲವಾಯಿತು. ವರ್ಷದ ಮಗುವಿನ ಸ್ವೆಟರು ದೊಡ್ಡವರಿಗೆ ಆಗುವಂತಾಯಿತು. ತಾಯಿಯ ಲೆಕ್ಕವೇ ತಪ್ಪಿರಬೇಕೆಂದು ಅವರು ಸುಮ್ಮನಾದರು.

ಟ್ಯಾಂಪಿನೀಸಿನ ತಂಗಿಯ ಬಳಿ ಅದೇ ತಾಯಿ ಹೆಣೆದ ಒಂದು ಹಳೆಯ ಸ್ವೆಟರು ಉಳಿದಿತ್ತು. ಆಕೆ ಅದನ್ನು ಮೇಜಿನ ಮೇಲೆ ಹಾಸಿ, ಅಡಿಪಟ್ಟಿಯನ್ನು ಬಿಟ್ಟು ಮೈಭಾಗದ ಮೇಲೆ ಅಳತೆಪಟ್ಟಿಯನ್ನಿಟ್ಟು ಎಣಿಸಿದಾಗ ಅಂಗುಲಕ್ಕೆ ಆರೂವರೆ ಕುಣಿಕೆಗಳು ಬಂದವು. 72ನ್ನು ಆರೂವರೆಯಿಂದ ಭಾಗಿಸಿದರೆ 11 ಅಂಗುಲ. ಮುಂದೆ ಹಿಂದೆ ಸೇರಿ 22. ವರ್ಷದ ಮಗುವಿನ 20 ಅಂಗುಲದ ಎದೆಗೆ 2 ಅಂಗುಲ ಸಡಿಲು. ತಾಯಿಯ ಲೆಕ್ಕ ಕರಾರುವಾಕ್ಕಾಗಿತ್ತು. ಅದನ್ನು ಓದುವ ಕೀಲಿಕೈ ಮಾತ್ರ ಕಳೆದುಹೋಗಿತ್ತು. ಆ ಒಂದು ಸ್ವೆಟರು ಉಳಿಯದೆ ಹೋಗಿದ್ದರೆ ನೋಟುಪುಸ್ತಕದ ಅಂಕಿ ಎಂದೆಂದಿಗೂ ತಪ್ಪೆಂದೇ ಉಳಿಯುತ್ತಿತ್ತು.

ಬರೆದಿಡಬೇಕಾದ ಅಳತೆ

ನಮ್ಮ ಸಮ್ಮೇಳನಗಳಲ್ಲಿ ಭಾಷೆಯ ಉಳಿವನ್ನು ಕುರಿತು ಬಹಳ ಮಾತನಾಡುತ್ತೇವೆ. ಕಾವ್ಯ, ನಾಟಕ, ಸಂಗೀತಗಳ ಬಗ್ಗೆ ನಮಗಿರುವ ಕಾಳಜಿ ಯೋಗ್ಯವಾದದ್ದೇ. ಆದರೆ ಕನ್ನಡ ಬದುಕಿದ್ದು ಪುಸ್ತಕಗಳಲ್ಲಿ ಮಾತ್ರವಲ್ಲ. ಗೇಣು, ಮೊಳ, ಬೆರಳು, ಎಳೆ, ಕುಣಿಕೆ, ಸಡಿಲು, ಬಿಗಿ ಎಂಬ ಮಾತುಗಳು ಕೈಗಳು ಕೆಲಸ ಮಾಡುತ್ತಿರುವಾಗ ಬಾಯಲ್ಲಿ ಸುಳಿದಾಡುತ್ತಿದ್ದವು. ಕೆಲಸ ನಿಂತರೆ ಮಾತೂ ನಿಲ್ಲುತ್ತದೆ. ಹೊರನಾಡಿನ ನಮ್ಮ ಮಕ್ಕಳು ಹೆಣಿಗೆಯನ್ನು ಕಲಿಯುತ್ತಿಲ್ಲವೆಂದಲ್ಲ. ಕಲಿಯುತ್ತಿದ್ದಾರೆ, ಇಂಗ್ಲಿಷಿನಲ್ಲಿ ಎಣಿಸುತ್ತಾ ಕಲಿಯುತ್ತಿದ್ದಾರೆ. ಅಜ್ಜಿಯ ಪಕ್ಕದಲ್ಲಿ ಕುಳಿತು ‘ಎರಡು ಸೀದಾ, ಎರಡು ಉಲ್ಟಾ’ ಎಂದು ಎಣಿಸುವ ಮಗುವಿಗೆ ಕನ್ನಡದ ಅಂಕಿಗಳನ್ನು ಬೇರೆ ಪಾಠವಾಗಿ ಹೇಳಿಕೊಡಬೇಕಾಗಿಲ್ಲ. ನೂರೆಂಟು ಕುಣಿಕೆಗಳ ಸಾಲೊಂದು ಮುಗಿಯುವಷ್ಟರಲ್ಲಿ ನೂರೆಂಟರವರೆಗಿನ ಎಣಿಕೆಯೂ ಮುಗಿದಿರುತ್ತದೆ.

ಆದ್ದರಿಂದ ಈ ಸಂಚಿಕೆಯನ್ನು ಓದುವ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ತಾಯಿ, ಅಜ್ಜಿ, ಅತ್ತೆಯವರು ಹೆಣೆದದ್ದು ಏನಾದರೂ ಮನೆಯಲ್ಲಿದ್ದರೆ ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ಅಂಗುಲಕ್ಕೆ ಎಷ್ಟು ಕುಣಿಕೆ, ಎಷ್ಟು ಸಾಲು ಎಂಬುದನ್ನು ಎಣಿಸಿ ಕನ್ನಡದಲ್ಲಿಯೇ ಬರೆದಿಡಿರಿ. ಕಡ್ಡಿಯ ನಂಬರನ್ನು ನಂಬಬೇಡಿರಿ, ಮಿಲಿಮೀಟರಿನಲ್ಲಿ ದಾಖಲಿಸಿರಿ. ಯಾರಿಗಾಗಿ ಹೆಣೆದದ್ದು, ಯಾವ ವರ್ಷ, ಆಗ ಅವರ ವಯಸ್ಸೆಷ್ಟು ಎಂಬುದನ್ನೂ ಸೇರಿಸಿರಿ. ಹೆಣೆದವರು ಇನ್ನೂ ನಮ್ಮೊಡನಿದ್ದರೆ ಈ ಕೆಲಸವನ್ನು ಮುಂದಿನ ಸಮ್ಮೇಳನದವರೆಗೆ ಮುಂದೂಡಬೇಡಿರಿ. ಎರಡು ವರ್ಷಗಳ ಅವಧಿ ಅವರ ಪಾಲಿಗೆ ಸಣ್ಣದೇನಲ್ಲ. ಅವರ ಬೆರಳುಗಳಲ್ಲಿರುವ ಲೆಕ್ಕವನ್ನು ಅವರ ಮಾತಿನಲ್ಲಿಯೇ ಕೇಳಿ ಬರೆದುಕೊಂಡರೆ, ನಾಳೆ ಯಾವ ಖಂಡದಲ್ಲಿ ಯಾವ ಕಡ್ಡಿ ಹಿಡಿದರೂ ಆ ಉಡುಪು ಮೈಗೆ ಒಪ್ಪುತ್ತದೆ.